ಚರ್ಮರೋಗದ ತರಬೇತಿ ಪಡೆದರೆ ಸಾಮಾನ್ಯ ವೈದ್ಯರ ಪ್ರಾಕ್ಟೀಸ್ ಬದಲಾಗುತ್ತಾ?

ಪ್ರಶ್ನೆ: ಮೇಡಂ, ನಾನು ಸಾಮಾನ್ಯ ವೈದ್ಯ. ತುರಿಕೆ, ಕಲೆ, ಗುಳ್ಳೆ ಅಂತ ದಿನವೂ ರೋಗಿಗಳು ಬರುತ್ತಾರೆ. ಓದುವಾಗ ಚರ್ಮರೋಗ ವಿಭಾಗದಲ್ಲಿ ಕಳೆದದ್ದು ಕೆಲವೇ ದಿನ. ಏನೆಂದು ಗೊತ್ತಾಗದಿದ್ದಾಗ ಸ್ಟಿರಾಯ್ಡ್, ಆಂಟಿಫಂಗಲ್, ಆಂಟಿಬಯೋಟಿಕ್ ಮೂರೂ ಸೇರಿದ ಕ್ರೀಮ್ ಬರೆದುಬಿಡುತ್ತೇನೆ. ಕೆಲವು ತಿಂಗಳ ಕೋರ್ಸ್ ಮಾಡುವ ಯೋಚನೆ ಇದೆ. ಕೆಲಸದಲ್ಲಿ ವ್ಯತ್ಯಾಸ ಕಾಣುತ್ತಾ?

ಉತ್ತರ (ಚರ್ಮರೋಗ ತಜ್ಞೆ): ಡಾಕ್ಟರೇ, ಆ ಕ್ರೀಮಿನ ವಿಷಯ ಮುಚ್ಚಿಡದೆ ಹೇಳಿದಿರಿ, ಅಲ್ಲಿಂದಲೇ ಶುರು ಮಾಡೋಣ. ಹುಳುಕಡ್ಡಿಗೆ (ಇದು ಶಿಲೀಂಧ್ರದ ಸೋಂಕು) ಅದನ್ನು ಹಚ್ಚಿದರೆ ತುರಿಕೆ ಬೇಗ ತಗ್ಗುತ್ತದೆ, ರೋಗಿಗೂ ನೆಮ್ಮದಿ. ಆದರೆ ಸ್ಟಿರಾಯ್ಡ್ ಉರಿಯೂತವನ್ನು ಅಡಗಿಸುವಷ್ಟರಲ್ಲಿ ಶಿಲೀಂಧ್ರ ಹಬ್ಬುತ್ತಾ ಹೋಗುತ್ತದೆ. ಉಂಗುರದಂಥ ಅಂಚು ಅಳಿಸಿಹೋಗಿ, ಮುಂದೆ ನೋಡುವವರಿಗೆ ಅದು ಇಸಬೋ ಹುಳುಕಡ್ಡಿಯೋ ತಿಳಿಯುವುದಿಲ್ಲ. ತೊಡೆಸಂದಿಯಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. ಆ ಗೆರೆ ಪೂರ್ತಿ ಹೋಗುವುದಿಲ್ಲ.

ಒಳ್ಳೆಯ ತರಬೇತಿ ಈ ಅಭ್ಯಾಸವನ್ನೇ ಬಿಡಿಸುತ್ತದೆ. ಕಲೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಸ್ಲೈಡಿನ ಮೇಲೆ ಹಾಕಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು ಕಾಯಿರಿ. ಚರ್ಮದ ಕೋಶಗಳು ತಿಳಿಯಾದಾಗ ಶಿಲೀಂಧ್ರವಿದ್ದರೆ ಸೂಕ್ಷ್ಮದರ್ಶಕದಡಿ ಅದರ ಕವಲೊಡೆದ ಎಳೆಗಳು ಕಾಣುತ್ತವೆ. ಅದನ್ನು ಕಣ್ಣಾರೆ ಕಂಡವರಿಗೆ ಅಂದಾಜಿನ ಮೇಲೆ ಕ್ರೀಮ್ ಬರೆಯಲು ಮನಸ್ಸೇ ಬರುವುದಿಲ್ಲ.

ಕಜ್ಜಿಯಲ್ಲೂ ಹೀಗೆಯೇ. ಶೇ 5ರ ಪರ್ಮೆಥ್ರಿನ್ ಕ್ರೀಮ್ ಬರೆಯುವುದು ಎಲ್ಲರಿಗೂ ಗೊತ್ತು. ಮನೆಯವರೆಲ್ಲರೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಬೇಕು, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು, ಹುಳ ಸತ್ತ ಮೇಲೂ ಕೆಲವು ವಾರ ತುರಿಕೆ ಇರಬಹುದು ಎಂದು ಕೂರಿಸಿ ಹೇಳುವವರು ಕಡಿಮೆ. ಹೇಳದಿದ್ದರೆ ಅದೇ ಮನೆಯವರು ತಿಂಗಳಲ್ಲಿ ಮತ್ತೆ ನಿಮ್ಮ ಬಾಗಿಲಲ್ಲಿರುತ್ತಾರೆ.

ಪ್ರಶ್ನೆ: ಹಾಗಾದರೆ ತಜ್ಞರ ಹತ್ತಿರ ಕಳಿಸುವ ರೋಗಿಗಳ ಸಂಖ್ಯೆ ಕಡಿಮೆಯಾಗುತ್ತದಲ್ವಾ ಮೇಡಂ?

ಉತ್ತರ: ಮೊಡವೆ, ಇಸಬು, ನರಹುಲಿ ಇಂಥವು ನಿಮ್ಮಲ್ಲೇ ಮುಗಿಯುತ್ತವೆ. ಆದರೆ ಇಷ್ಟು ದಿನ ಕಣ್ಣಿಗೆ ಬೀಳದೆ ಹೋದದ್ದನ್ನು ಈಗ ಕಳಿಸತೊಡಗುತ್ತೀರಿ: ಕುಷ್ಠವಿರಬಹುದಾದ, ಸ್ಪರ್ಶ ತಿಳಿಯದ ಮಾಸಲು ಮಚ್ಚೆ; ಚರ್ಮದ ಕ್ಯಾನ್ಸರ್ ಇರಬಹುದಾದ, ಅಂಗಾಲಲ್ಲಿ ದೊಡ್ಡದಾಗುತ್ತಿರುವ ಕಪ್ಪು ಕಲೆ ಅಥವಾ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಪಟ್ಟಿ. ನನಗೆ ತರಬೇತಿಯ ದೊಡ್ಡ ಲಾಭ ಇದೇ ಅನ್ನಿಸುತ್ತದೆ. ಆದ್ದರಿಂದ ಕಳಿಸುವ ರೋಗಿಗಳ ಲೆಕ್ಕವೊಂದನ್ನೇ ಹಿಡಿದು ಕೋರ್ಸನ್ನು ಅಳೆಯಬೇಡಿ.

ಸೇರುವ ಮುನ್ನ ಎರಡು ವಿಷಯ ಕೇಳಿ. ಕೋರ್ಸಿನಲ್ಲಿ ಕಪ್ಪು ಚರ್ಮದ ಚಿತ್ರಗಳು ಸಾಕಷ್ಟಿವೆಯೇ? ಬಿಳಿ ಚರ್ಮದಲ್ಲಿ ಕೆಂಪಗೆ ಕಾಣುವುದು ಕಪ್ಪು ಚರ್ಮದಲ್ಲಿ ನೇರಳೆಯಾಗಿಯೋ ಬೂದಾಗಿಯೋ ಕಾಣುತ್ತದೆ. ಮತ್ತೆ, ನೀವು ಕಳಿಸಿದ ರೋಗಿಗೆ ಕೊನೆಗೆ ಏನೆಂದು ಗೊತ್ತಾಯಿತು ಎಂಬುದನ್ನು ತಜ್ಞರು ನಿಮಗೆ ತಿಳಿಸುತ್ತಾರೆಯೇ? ಕಲಿತದ್ದು ಉಳಿಯುವುದು ಅದರಿಂದಲೇ.

ಇನ್ನೊಬ್ಬ ವೈದ್ಯೆಯ ಪ್ರಶ್ನೆ: ಡರ್ಮೋಸ್ಕೋಪ್ (ಚರ್ಮವನ್ನು ಹಿಗ್ಗಿಸಿ ನೋಡುವ ಸಾಧನ) ಈಗಲೇ ಕೊಂಡುಕೊಳ್ಳಬಹುದಾ ಮೇಡಂ?

ಉತ್ತರ: ಕಲಿತ ಮೇಲೆ ಕೊಳ್ಳಿ ಅಮ್ಮ. ಅದು ಹತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ ನಿಜ, ಆದರೆ ಕಂಡದ್ದರ ಅರ್ಥ ತಿಳಿಯದಿದ್ದರೆ ಬರಿಗಣ್ಣಿಗಿಂತ ಹೆಚ್ಚೇನೂ ಸಿಗುವುದಿಲ್ಲ. ಅಲ್ಲಿಯವರೆಗೆ ಒಳ್ಳೆಯ ಬೆಳಕಿನಲ್ಲಿ, ಬಟ್ಟೆ ಸರಿಸಿ, ಕೈಯಿಂದ ಮುಟ್ಟಿ ನೋಡಿ.