ಓದುಗರ ಸ್ಪಂದನ: ನಿರೀಕ್ಷಿಸುವುದು ನಿಮ್ಮ ತಪ್ಪಲ್ಲ

ಕಳೆದ ವಾರದ ಸಮಸ್ಯೆ: ಮನೆಯವರ ಹುಟ್ಟುಹಬ್ಬ, ಕಾಯಿಲೆ, ಪರೀಕ್ಷೆ ಎಲ್ಲವನ್ನೂ ನೆನಪಿಟ್ಟು ನೋಡಿಕೊಳ್ಳುತ್ತೇನೆ. ನನಗೆ ಹುಷಾರಿಲ್ಲದಾಗ ಮಾತ್ರ ಯಾರೂ ಕೇಳುವುದಿಲ್ಲ. ಗಂಡನ ಮೇಲೆ ರೇಗುತ್ತೇನೆ, ಆಮೇಲೆ ಅಳು ಬರುತ್ತದೆ. ನಾನೇ ಜಾಸ್ತಿ ನಿರೀಕ್ಷೆ ಮಾಡ್ತಿದ್ದೀನಾ?

ಅಕ್ಕಾ, ಖಂಡಿತ ಇಲ್ಲ. ಹುಷಾರಿಲ್ಲದಾಗ ಮನೆಯವರು ವಿಚಾರಿಸಲಿ ಅನ್ನುವುದು ದುರಾಸೆಯಲ್ಲ. ‘ಯಾರಿಂದಲೂ ಏನೂ ಬಯಸಬೇಡಿ, ನೆಮ್ಮದಿಯಾಗಿರ್ತೀರಿ’ ಅನ್ನುವ ಉಪದೇಶ ನಿಮಗೆ ಬೇಕಾದಷ್ಟು ಸಿಕ್ಕಿರಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಏನೂ ಬಯಸಬಾರದು ಅಂದರೆ ಜೊತೆಗೆ ಯಾಕಿರಬೇಕು?

ವೋಲ್ಫ್‌ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳ ಮಿದುಳನ್ನು ಅಧ್ಯಯನ ಮಾಡಿದ್ದರು. ಸಿಗಬೇಕಿದ್ದ ಹಣ್ಣಿನ ರಸ ಸಿಗದಿದ್ದಾಗ, ಇಷ್ಟದ್ದು ಸಿಗುವ ನಿರೀಕ್ಷೆಗೆ ಸ್ಪಂದಿಸುವ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ಮಿದುಳಿನ ಕೋಶಗಳ ಚಟುವಟಿಕೆ ಮಾಮೂಲಿಗಿಂತಲೂ ಕೆಳಗಿಳಿಯಿತು. ಮನುಷ್ಯರ ಸಂಬಂಧ ಅಷ್ಟು ಸರಳವಲ್ಲ, ನಿಜ. ಆದರೂ ಬರುತ್ತದೆ ಅಂದುಕೊಂಡ ಒಂದು ಮಾತು ಬಾರದಿದ್ದರೆ ಏನನ್ನೋ ಕಳೆದುಕೊಂಡ ಹಾಗೆ ಆಗುತ್ತದಲ್ವಾ? ಆ ನೋವೇ ಹೊರಗೆ ಬರುವಾಗ ಸಿಟ್ಟಾಗಿರುತ್ತದೆ. ನಿಮ್ಮವರಿಗೆ ಕಾಣುವುದು ಸಿಟ್ಟು ಮಾತ್ರ. ಅವರು ವಾದಕ್ಕಿಳಿಯುತ್ತಾರೆ, ನೋವು ಒಳಗೇ ಉಳಿಯುತ್ತದೆ.
— ಒಬ್ಬ ಗೃಹಿಣಿ

‘ಮುಖ ನೋಡಿದರೆ ಗೊತ್ತಾಗಲ್ವಾ?’ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಅದರ ಪ್ರಕಾರ, ನಮ್ಮ ಮನಸ್ಸಿನಲ್ಲಿರುವುದು ಬೇರೆಯವರಿಗೆ ನಾವು ಅಂದುಕೊಂಡಷ್ಟು ಕಾಣುವುದಿಲ್ಲ. ಅದಕ್ಕೇ ಬಾಯಿಬಿಟ್ಟು ಹೇಳಿ. ‘ನೀವು ಯಾವತ್ತೂ ನನ್ನ ಕೇಳಲ್ಲ’ ಅಂದರೆ ಅದು ದೂರು. ‘ಜ್ವರ ಬಂದಿದೆ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೊಳ್ಳಿ’ ಅಂದರೆ ಏನು ಮಾಡಬೇಕು ಅಂತ ಅವರಿಗೂ ತಿಳಿಯುತ್ತದೆ. ಕೇಳಿ ಪಡೆದ ಪ್ರೀತಿ ಏನು ಪ್ರೀತಿ ಅನ್ನಿಸಬಹುದು. ಕೇಳಿದ ಮೇಲೆ ಮನಸ್ಸಿಟ್ಟು ಮಾಡಿದರೆ ಅದೂ ಪ್ರೀತಿಯೇ.

ಇನ್ನೊಂದು ಮಾತು. ಎಲ್ಲರ ಕೆಲಸವನ್ನೂ ಸುಮ್ನೆ ಮೈಮೇಲೆ ಎಳೆದುಕೊಳ್ಳಬೇಡಿ. ದಣಿದ ಮನಸ್ಸಿಗೆ ಸಣ್ಣ ಮರೆವೂ ದೊಡ್ಡ ಅವಮಾನವಾಗಿ ಕಾಣುತ್ತದೆ.
— ಓದುಗ ಮಿತ್ರ

ಮೇಡಂ, ಹೇಳಿ ನೋಡಿ ಅನ್ನುವುದು ಸರಿಯೇ. ಆದರೆ ಸಮಾಧಾನದಿಂದ, ಸ್ಪಷ್ಟವಾಗಿ, ಮತ್ತೆ ಮತ್ತೆ ಹೇಳಿದರೂ ಅವರು ನಕ್ಕು ತಳ್ಳಿಹಾಕಿದರೆ, ‘ನಾನು ಹೇಳಿದ ರೀತಿ ಸರಿಯಿರಲಿಲ್ಲವೇನೋ’ ಎಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ. ಆಗ ಇಬ್ಬರೂ ಒಟ್ಟಿಗೆ ಆಪ್ತ ಸಮಾಲೋಚಕರನ್ನು ಕಾಣಿ. ಅವರು ಬರದಿದ್ದರೆ ನೀವೊಬ್ಬರೇ ಹೋಗಿ. ಅಳು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು 2 ವಾರಕ್ಕಿಂತ ಹೆಚ್ಚು ಕಾಲ ಪ್ರತಿದಿನ ಕಾಡುತ್ತಿದ್ದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ. ಅದಕ್ಕೆ ಗಂಡನ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ.
— ನಿವೃತ್ತ ಶಿಕ್ಷಕಿ