‘ನಿಯಂತ್ರಿಸು’, ‘ನಿರಸಿಟೈಲಕ’: ಜೀವಕೋಶದ ಪಾಠಕ್ಕೆ ಒಗ್ಗುವ ಪದಗಳೇ?

ಪ್ರಶ್ನೆ: ಪದವಿ ತರಗತಿಯ ಪಠ್ಯಕ್ಕೆ ‘ಸರ್ಟ್‌1 ಎಂಬ ನಿರಸಿಟೈಲಕವು ಆತ್ಮಭಕ್ಷಣೆಯನ್ನು ನಿಯಂತ್ರಿಸುತ್ತದೆ’ ಎಂದು ಬರೆದಿದ್ದೇವೆ. ಆಟೋಫಜಿಯ ವಿಷಯ. ಪದಗಳು ಸರಿಯೇ?

ಉತ್ತರ: ಮೂರೂ ಬದಲಾಗಬೇಕು ಸರ್.

ನಿರುದ್ಯೋಗಿ ಎಂದರೆ ಉದ್ಯೋಗ ಕಳೆಯುವವನಲ್ಲ, ಇಲ್ಲದವನು. ಹಾಗೆಯೇ ‘ನಿರಸಿಟೈಲಕ’ ಎಂದರೆ ಅಸಿಟೈಲ್ (ಪ್ರೋಟೀನಿಗೆ ಅಂಟುವ ಪುಟ್ಟ ರಾಸಾಯನಿಕ ಗುಂಪು) ಇಲ್ಲದ್ದು ಎಂದೇ ಓದುಗರು ತಿಳಿಯುತ್ತಾರೆ. ಡೀಅಸಿಟೈಲೇಸ್ ಎಂದೇ ಇರಲಿ. ಮೊದಲ ಸಲ ಬಂದಾಗ ‘ಅಸಿಟೈಲ್ ಕಳಚುವ ಕಿಣ್ವ’ ಎಂದು ಬಿಡಿಸಿ ಹೇಳಿ. ‘ಆತ್ಮಭಕ್ಷಣೆ’ಗೆ ಆತ್ಮಹತ್ಯೆಯ ನೆರಳಿದೆ. ಹಸಿದ ಕೋಶ ತನ್ನ ಹಳೆಯ ಭಾಗಗಳನ್ನು ಕರಗಿಸಿ ಬದುಕಿಕೊಳ್ಳುವ ಕೆಲಸವಿದು, ‘ಸ್ವಭಕ್ಷಣೆ’ ವಾಸಿ.

ನಿಜವಾದ ತೊಡಕು ‘ನಿಯಂತ್ರಿಸು’. ಬೆಲೆ ನಿಯಂತ್ರಣ, ಸೊಳ್ಳೆ ನಿಯಂತ್ರಣ ಕೇಳಿದ ಕಿವಿಗೆ ಅದು ತಗ್ಗಿಸುವುದು ಎಂದೇ ಅರ್ಥ. ಸರ್ಟ್‌1 ಮಾಡುವುದು ಅದರ ತದ್ವಿರುದ್ಧ. ಆಹಾರ ಸಾಕಷ್ಟಿದ್ದಾಗ ಪಿ300 ಕಿಣ್ವ ಎಟಿಜಿ5, ಎಟಿಜಿ7ರಂಥ ಪ್ರೋಟೀನುಗಳಿಗೆ ಅಸಿಟೈಲ್ ಅಂಟಿಸಿ ಅವನ್ನು ಸುಮ್ಮನಿರಿಸುತ್ತದೆ. ಉಪವಾಸ ಬಿದ್ದಾಗ ಸರ್ಟ್‌1 ಎನ್‌ಎಡಿ+ ಎಂಬ ಸಹಾಯಕ ಅಣುವನ್ನು ಬಳಸಿ ಆ ಅಸಿಟೈಲನ್ನು ಕಳಚುತ್ತದೆ. ಕೋಶಕೇಂದ್ರದಲ್ಲಿರುವ ಎಲ್‌ಸಿ3 ಪ್ರೋಟೀನಿನ 49 ಮತ್ತು 51ನೇ ಸ್ಥಾನದ ಲೈಸಿನ್ ಎಂಬ ಅಮೈನೋ ಆಮ್ಲಗಳಿಂದ ಅಸಿಟೈಲ್ ಹೋದ ಮೇಲೆಯೇ ಅದು ಹೊರಬಂದು, ಎಟಿಜಿ7ರ ಕೈಸೇರಿ, ಕೊಬ್ಬಿನ ಅಣುವೊಂದನ್ನು ಜೋಡಿಸಿಕೊಂಡು (ಆಗ ಅದರ ಹೆಸರು ಎಲ್‌ಸಿ3-2) ಹಳೆಯ ಭಾಗಗಳನ್ನು ತುಂಬಿಕೊಳ್ಳುವ ಚೀಲದ ಪೊರೆಯ ಮೇಲೆ ಕೂರುತ್ತದೆ. ಹಾಗಾಗಿ ‘ಸರ್ಟ್‌1 ಉಪವಾಸದಲ್ಲಿ ಸ್ವಭಕ್ಷಣೆಗೆ ಚಾಲನೆ ಕೊಡುತ್ತದೆ’ ಎನ್ನಿ.

ಎಚ್‌ಡಿಎಸಿ6 ಕೂಡ ಡೀಅಸಿಟೈಲೇಸೇ, ಆದರೆ ಅದರ ಪಾತ್ರ ಕೊನೆಯ ಹಂತದ್ದು: ತುಂಬಿದ ಚೀಲ, ಅದರೊಳಗಿನದನ್ನು ಕರಗಿಸುವ ಲೈಸೊಸೋಮಿನೊಂದಿಗೆ ಬೆರೆಯಲು ನೆರವಾಗುತ್ತದೆ. ಅದಕ್ಕೆ ಬೇಕಾದದ್ದು ಸತು, ಎನ್‌ಎಡಿ+ ಅಲ್ಲ. ‘ಟ್ರೈಕೊಸ್ಟಾಟಿನ್ ಎ’ ಎಂಬ ತಡೆಕ ಎಚ್‌ಡಿಎಸಿ6ನ್ನು ತಡೆದರೂ ಸರ್ಟ್‌1ನ್ನು ಮುಟ್ಟುವುದಿಲ್ಲ. ಸರ್ಟ್‌1ನ್ನು ತಡೆಯಲು ನಿಕೊಟಿನಮೈಡ್ ಬೇಕು. ‘ಡೀಅಸಿಟೈಲೇಸ್ ತಡೆಕ ಹಾಕಲಾಯಿತು’ ಎಂದಷ್ಟೇ ಬರೆದರೆ ಯಾವುದು ನಿಂತಿತೆಂದು ತಿಳಿಯದು.

ಪ್ರಯೋಗದ ಭಾಗದಲ್ಲಿ ‘ಎಲ್‌ಸಿ3-2 ಹೆಚ್ಚಿತು, ಆದ್ದರಿಂದ ಸ್ವಭಕ್ಷಣೆ ಹೆಚ್ಚಿತು’ ಎಂಬ ವಾಕ್ಯವಿದ್ದರೆ ಅದನ್ನೂ ತಿದ್ದಿ. ಪ್ರೋಟೀನುಗಳನ್ನು ಗಾತ್ರದಂತೆ ಪಟ್ಟಿಗಳಾಗಿ ತೋರಿಸುವ ಬ್ಲಾಟ್‌ನಲ್ಲಿ 14 ಕಿಲೊಡಾಲ್ಟನ್ ಆಸುಪಾಸಿನ ಆ ಪಟ್ಟಿ ಎರಡು ಕಾರಣಕ್ಕೆ ದಪ್ಪವಾದೀತು: ಚೀಲಗಳು ಹೆಚ್ಚು ಹುಟ್ಟಿರಬಹುದು, ಇಲ್ಲವೇ ಲೈಸೊಸೋಮಿನಲ್ಲಿ ಕರಗದೆ ಉಳಿದಿರಬಹುದು. ಲೈಸೊಸೋಮಿನಲ್ಲಿ ಕರಗುವುದನ್ನು ತಡೆಯುವ ಬಾಫಿಲೊಮೈಸಿನ್ ಹಾಕಿದ, ಹಾಕದ ಕೋಶಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಾಕಿದಾಗ ಪಟ್ಟಿ ಇನ್ನೂ ದಪ್ಪವಾದರೆ ಹರಿವು (ಚೀಲ ಹುಟ್ಟಿ ಕರಗುವವರೆಗಿನ ಓಟ) ನಡೆದಿದೆ. ಆಗದಿದ್ದರೆ ‘ಚೀಲಗಳು ಕೂಡಿಕೊಂಡವು’ ಎಂದು ಬರೆಯುವುದೇ ಸರಿ.