ಆಗುಂಬೆ ಇಳಿಯುವಾಗ ಮೆತ್ತಗಾಗುವ ಬ್ರೇಕ್: 25,000 ರೂಪಾಯಿಯೊಳಗೆ ಏನು ಬದಲಿಸಬಹುದು?

ಪ್ರಶ್ನೆ (ಮಣಿಪಾಲದಿಂದ):
ಎಲ್ಲರಿಗೂ ನಮಸ್ಕಾರ. ನನ್ನದು ಅಬಾರ್ತ್ ಪುಂಟೊ, 1.4 ಲೀಟರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ದಿನವೂ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿಬರುವುದೂ, ರಜೆಯಲ್ಲಿ ತೀರ್ಥಹಳ್ಳಿಯ ಕಡೆ ಹೋಗುವುದೂ ಇದೇ ಕಾರಿನಲ್ಲಿ. ಊರೊಳಗೆ ಬ್ರೇಕಿನ ಬಗ್ಗೆ ದೂರಿಲ್ಲ. ಆದರೆ ಆಗುಂಬೆ ಘಾಟಿ ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಪೆಡಲ್ ಮೆತ್ತಗಾಗಿ ತೀರಾ ಕೆಳಗೆ ಹೋಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ದೊಡ್ಡ ಡಿಸ್ಕ್ ಮತ್ತು ಅದನ್ನು ಪ್ಯಾಡುಗಳ ನಡುವೆ ಒತ್ತಿ ಹಿಡಿಯುವ ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗಳ ಕಿಟ್ ಹಾಕಿಸುವಂತೆ ಪರಿಚಯದ ಮೆಕ್ಯಾನಿಕ್ ಸಲಹೆ ಕೊಟ್ಟಿದ್ದಾರೆ. ಅಷ್ಟು ಹಣ ಹಾಕುವ ಸ್ಥಿತಿಯಲ್ಲಿ ನಾನಿಲ್ಲ. 25,000 ರೂಪಾಯಿಯೊಳಗೆ ಮೊದಲು ಯಾವುದನ್ನು ಬದಲಿಸಬೇಕು?

ಉತ್ತರ (ಕದ್ರಿಯಿಂದ):
ಸರ್, ನೀವು ವಿವರಿಸಿದ ಲಕ್ಷಣದಲ್ಲೇ ಉತ್ತರವಿದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಎಂದರ್ಥ. ಪೆಡಲೇ ಮೆತ್ತಗಾಗಿ ಕೆಳಗಿಳಿದರೆ, ಬಹುತೇಕ ಬ್ರೇಕ್ ಆಯಿಲ್ ಕುದಿದು ಪೈಪಿನೊಳಗೆ ಆವಿಯ ಗುಳ್ಳೆಗಳು ಎದ್ದಿವೆ ಎಂದೇ ತಿಳಿಯಬೇಕು. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ತೇವ ಹೀರಿಕೊಂಡ ಮೇಲೆ ಅದರ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ವರ್ಷವಿಡೀ ತೇವ ತುಂಬಿರುವ ನಮ್ಮ ಕರಾವಳಿಯಲ್ಲಿ ಎರಡು ವರ್ಷಗಳವರೆಗೆ ಕಾಯುವುದಕ್ಕಿಂತ, ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಆಯಿಲ್ ಬದಲಿಸುವುದು ಲೇಸು.

ಘಾಟಿಯ ಹೊರೆ ಎಷ್ಟೆಂಬುದನ್ನೂ ಲೆಕ್ಕ ಹಾಕಿ ನೋಡಿ. ಸುಮಾರು 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯು, ಅದೇ ಕಾರನ್ನು ಗಂಟೆಗೆ 80 ಕಿಲೋಮೀಟರ್ ವೇಗದಿಂದ 20 ಬಾರಿ ಪೂರ್ತಿ ನಿಲ್ಲಿಸಿದಷ್ಟಾಗುತ್ತದೆ. ಗೇರ್ ಇಳಿಸಿ ಎಂಜಿನ್ನಿಗೆ ಅದರಲ್ಲಿ ಪಾಲು ಕೊಡದಿದ್ದರೆ ಹೆಚ್ಚಿನದೆಲ್ಲ ಡಿಸ್ಕಿನಲ್ಲಿ ಬಿಸಿಯಾಗಿ ಉಳಿಯುತ್ತದೆ. ಆದ್ದರಿಂದ ಮೊದಲು ಡಾಟ್ 5.1 ಅಥವಾ ಒಳ್ಳೆಯ ಡಾಟ್ 4 ಆಯಿಲನ್ನು, ಸೀಲ್ ಒಡೆಯದ ಡಬ್ಬಿಯಿಂದಲೇ ಹಾಕಿಸಿ. ಡಾಟ್ 5 ಸಿಲಿಕೋನ್ ಆಯಿಲ್ ಬೇರೆಯೇ ವಸ್ತು, ಅದನ್ನು ಬೆರೆಸಲೇಬಾರದು.

ಉತ್ತರ (ಸುರತ್ಕಲ್‌ನಿಂದ):
ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ, ಒಂದನ್ನು ಸೇರಿಸುತ್ತೇನೆ. ಕ್ಯಾಲಿಪರ್ ಜಾರುವ ಪಿನ್‌ಗಳನ್ನು ಬಿಚ್ಚಿಸಿ ನೋಡಿ. ಉಪ್ಪುಗಾಳಿಗೆ ರಬ್ಬರ್ ಬೂಟ್ ಬಿರಿದರೆ ಪಿನ್ನಿನ ಮೇಲೆ ಕಂದು ತುಕ್ಕು ಪುಡಿಪುಡಿಯಾಗಿ ಕೂರುತ್ತದೆ, ಗ್ರೀಸ್ ಒಣಗಿ ಅಂಟಾಗುತ್ತದೆ, ಒಂದು ಬದಿಯ ಪ್ಯಾಡ್ ಮಾತ್ರ ಸವೆದು ಡಿಸ್ಕಿಗೆ ಸದಾ ಉಜ್ಜುತ್ತಲೇ ಇರುತ್ತದೆ. ಹಾಗಾದರೆ ಎಷ್ಟು ಬೆಲೆಯ ಆಯಿಲ್ ಹಾಕಿದರೂ ಅದು ಬಿಸಿಯೇರುತ್ತದೆ. ಬೂಟ್ ಬದಲಿಸಿ ಸಿಲಿಕೋನ್ ಗ್ರೀಸ್ ಹಾಕಿಸುವುದು ಅಗ್ಗದ ಕೆಲಸ.

ಪ್ಯಾಡ್ ಕೊಳ್ಳುವಾಗ ರೇಸಿಂಗ್ ಎಂದು ಬರೆದದ್ದನ್ನು ದಯವಿಟ್ಟು ಬಿಡಿ. ಅವುಗಳಲ್ಲಿ ಹಲವು ಚೆನ್ನಾಗಿ ಕಾದ ಮೇಲಷ್ಟೇ ಹಿಡಿಯುತ್ತವೆ. ಮಳೆಯ ಬೆಳಗ್ಗೆ ಹೆದ್ದಾರಿಯಲ್ಲಿ ಎದುರಿಗೆ ಬಸ್ಸು ಥಟ್ಟನೆ ನಿಂತಾಗ ತಣ್ಣಗಿರುವ ಪ್ಯಾಡೇ ಹಿಡಿಯಬೇಕಲ್ಲವೇ? ರಸ್ತೆ ಬಳಕೆಗೆಂದೇ ಮಾಡಿದ ಮೇಲ್ದರ್ಜೆಯ ಪ್ಯಾಡ್ ನಿಮಗೆ ಸಾಕು. ತೂತು ಕೊರೆದ ಡಿಸ್ಕೂ ಬೇಡ, ತೂತಿನ ಸುತ್ತ ಬಿರುಕು ಬಿಡುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಡಿಸ್ಕುಗಳನ್ನು ಈಗಲೇ ಬದಲಿಸಬೇಕೇ? ಸ್ಟೀಲ್ ಬ್ರೇಡೆಡ್ (ಉಕ್ಕಿನ ತಂತಿ ಹೆಣೆದ) ಬ್ರೇಕ್ ಪೈಪ್ ಹಾಕಿಸುವುದರಿಂದ ಪ್ರಯೋಜನವಿದೆಯೇ?

ಉತ್ತರ (ಕದ್ರಿಯಿಂದ):
ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಮೈಕ್ರೋಮೀಟರ್ ಹಿಡಿದು ಅಳೆಯಿಸಿ, ಮಿತಿಯ ಹತ್ತಿರವಿದ್ದರೆ ಮಾತ್ರ ಮೂಲ ಅಳತೆಯ ಸಾದಾ ಡಿಸ್ಕ್ ಹಾಕಿಸಿ. ಬ್ರೇಡೆಡ್ ಪೈಪಿನಿಂದ ಪೆಡಲ್ ಸ್ವಲ್ಪ ಬಿಗಿಯಾಗುತ್ತದೆ, ಆದರೆ ಕುದಿಯುವ ಆಯಿಲಿಗೆ ಅದು ಮದ್ದಲ್ಲ. ಹಳೆಯ ರಬ್ಬರ್ ಪೈಪ್ ಬಿರಿದಿದ್ದರೆ ಹಾಕಿಸಬಹುದು. ಉಳಿದ ಹಣವನ್ನು ಟೈರಿಗೆ ಇಡಿ. ಎಬಿಎಸ್ (ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸಕ್ಕಿಳಿಯುವಷ್ಟು ಜೋರಾಗಿ ಬ್ರೇಕ್ ಒತ್ತಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಎಂಬುದನ್ನು ನಿರ್ಧರಿಸುವುದು ಟೈರಿನ ಹಿಡಿತವೇ.

ಹೊಸ ಪ್ಯಾಡ್ ಹಾಕಿಸಿದ ದಿನವೇ ಘಾಟಿಗೆ ಹೋಗಬೇಡಿ, ಅದು ಮೊದಲು ಡಿಸ್ಕಿಗೆ ಹೊಂದಿಕೊಳ್ಳಬೇಕು. ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ 60ರಿಂದ 15ರ ವೇಗಕ್ಕೆ ಎಂಟು ಹತ್ತು ಬಾರಿ, ಪೂರ್ತಿ ನಿಲ್ಲಿಸದೆ ಇಳಿಸಿ, ಬಳಿಕ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಯಲು ಬಿಡಿ.